ಬೆಳ್ಳುಳ್ಳಿ ಮೀನಿನ ಬಾಯಿ ತೆರೆಸುತ್ತದೆ, ರೋಗ ವಾಸಿ ಮಾಡುವುದಿಲ್ಲ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಫೋನ್ ಮಾಡಿದಾಗ ನಾನು ಜಾಸ್ತಿ ಕೇಳುವ ಮಾತು ಇದು: "ಸರ್, ಟ್ಯಾಂಗ್ ಮೀನಿನ ಮೈಮೇಲೆ ಬಿಳಿ ಚುಕ್ಕಿ ಬಂದಿತ್ತು. ಫುಡ್‌ಗೆ ಬೆಳ್ಳುಳ್ಳಿ ರಸ ಹಾಕಿ ಕೊಟ್ಟೆ. ಮೂರೇ ದಿನಕ್ಕೆ ಚುಕ್ಕಿ ಎಲ್ಲಾ ಹೋಯ್ತು." ಅವರು ಹೇಳುವುದು ಸುಳ್ಳಲ್ಲ. ಚುಕ್ಕಿ ಹೋಗಿರುವುದು ನಿಜ. ಆದರೆ ಬೆಳ್ಳುಳ್ಳಿ ಹಾಕದಿದ್ದರೂ ಅವು ಹೋಗುತ್ತಿದ್ದವು. ಇದನ್ನು ಬಿಡಿಸಿ ಹೇಳದಿದ್ದರೆ ಒಂದೆರಡು ವಾರದಲ್ಲಿ ಅದೇ ಮನೆಯಿಂದ ಇನ್ನೊಂದು ಫೋನ್ ಬರುತ್ತದೆ. ಅಷ್ಟರಲ್ಲಿ ಕೆಲವು ಮೀನು ಸತ್ತಿರುತ್ತವೆ.

ಈ ರೋಗಕ್ಕೆ ಮೀನು ಸಾಕುವವರು ಮರೀನ್ ಇಕ್ ಅನ್ನುತ್ತಾರೆ. ಕ್ರಿಪ್ಟೋಕೇರಿಯಾನ್ ಇರಿಟಾನ್ಸ್ ಎಂಬ ಒಂದೇ ಕೋಶದ ಪರಾವಲಂಬಿ ಇದಕ್ಕೆ ಕಾರಣ. ಪುಡಿ ಉಪ್ಪು ಉದುರಿಸಿದ ಹಾಗೆ ಕಾಣುವ ಒಂದೊಂದು ಚುಕ್ಕಿಯ ಒಳಗೂ ಚರ್ಮದ ಮೇಲ್ಪದರದಡಿ ಹೊಕ್ಕು ಕೂತ ಪರಾವಲಂಬಿ ಇರುತ್ತದೆ. ಅಲ್ಲಿ ಅದು ಮೂರರಿಂದ ಏಳು ದಿನ ತಿಂದು ದಪ್ಪ ಆಗುತ್ತದೆ. ಆಮೇಲೆ ತಾನಾಗಿಯೇ ಮೀನನ್ನು ಬಿಟ್ಟು ಕೆಳಗೆ ಬೀಳುತ್ತದೆ. ಹೆಚ್ಚಾಗಿ ಇದು ನಡೆಯುವುದು ಕತ್ತಲಲ್ಲಿ. ಅದಕ್ಕೇ ರಾತ್ರಿ ಕಂಡ ಚುಕ್ಕಿ ಬೆಳಗ್ಗೆ ಲೈಟ್ ಹಾಕಿದಾಗ ಇರುವುದಿಲ್ಲ. ಬಿದ್ದದ್ದು ಮರಳಿಗೋ ಕಲ್ಲಿಗೋ ಅಂಟಿಕೊಂಡು ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಕೆಲವು ಕವಚ ಮೂರು ದಿನಕ್ಕೇ ಒಡೆಯುತ್ತವೆ, ಕೆಲವು ವಾರಗಟ್ಟಲೆ ಸುಮ್ನೆ ಕೂರುತ್ತವೆ. 72 ದಿನದವರೆಗೂ ಕಾದದ್ದು ದಾಖಲಾಗಿದೆ. ಒಡೆದಾಗ ಒಂದು ಕವಚದಿಂದ ನೂರಾರು ಮರಿಗಳು ಈಜುತ್ತಾ ಹೊರಬರುತ್ತವೆ. ಒಂದೆರಡು ದಿನದೊಳಗೆ ಅವುಗಳಿಗೆ ಮೀನು ಸಿಗಲೇಬೇಕು. ಸಮುದ್ರದಲ್ಲಿ ಸಿಗುವುದು ಕಷ್ಟ. ನಾಲ್ಕು ಅಡಿ ಟ್ಯಾಂಕಿನಲ್ಲಿ ಖಂಡಿತ ಸಿಗುತ್ತದೆ.

ಹಾಗಾಗಿ ಮೀನು ನಿಮ್ಮ ಕಣ್ಣಿಗೆ "ವಾಸಿಯಾದ" ಆ ವಾರ ರೋಗ ಮರಳಿನಲ್ಲಿ ಬೆಳೆಯುತ್ತಿರುತ್ತದೆ. ಇನ್ನೊಂದು ವಿಷಯವೂ ಸೇರಿಕೊಳ್ಳುತ್ತದೆ. ಒಂದು ಸಲ ಈ ರೋಗ ತಾಳಿಕೊಂಡ ಮೀನಿಗೆ ಕೆಲವು ತಿಂಗಳು ಸ್ವಲ್ಪ ರೋಗನಿರೋಧಕ ಶಕ್ತಿ ಬರುತ್ತದೆ. ಗಟ್ಟಿ ಮೀನು ಬದುಕಿಕೊಳ್ಳುತ್ತದೆ, ಅದರ ಕಿವಿರಿನಲ್ಲಿ ಒಂದೆರಡು ಪರಾವಲಂಬಿ ಕಣ್ಣಿಗೆ ಬೀಳದೆ ಉಳಿದುಕೊಳ್ಳುತ್ತವೆ. ಹೆಸರು ಮಾತ್ರ ಬೆಳ್ಳುಳ್ಳಿಗೆ ಬರುತ್ತದೆ. ಅದೇ ಟ್ಯಾಂಕಿಗೆ ಹೊಸ ಮೀನು ಬಿಟ್ಟ ದಿನ ಮತ್ತೆ ಶುರು.

ಹಾಗಂತ ಬೆಳ್ಳುಳ್ಳಿಯಲ್ಲಿ ಏನೂ ಇಲ್ಲ ಅಂತಲ್ಲ. ಇಡೀ ಎಸಳನ್ನು ಮೂಸಿ ನೋಡಿ, ಘಾಟು ಅಷ್ಟಾಗಿ ಇರುವುದಿಲ್ಲ. ಜಜ್ಜಿದರೆ ಅಡುಗೆಮನೆ ತುಂಬಾ ವಾಸನೆ. ಎಸಳಿನ ಒಳಗೆ ಬೇರೆ ಬೇರೆ ಇರುವ ಆಲಿಯಿನ್ ಎಂಬ ವಸ್ತುವೂ ಆಲಿಯಿನೇಸ್ ಎಂಬ ಕಿಣ್ವವೂ ಜಜ್ಜಿದಾಗ ಸೇರುತ್ತವೆ, ಆಲಿಸಿನ್ ಹುಟ್ಟುತ್ತದೆ. 1944ರಲ್ಲಿ ಅಮೆರಿಕದಲ್ಲಿ ಚೆಸ್ಟರ್ ಕವಲ್ಲಿಟೊ ಮತ್ತು ಜಾನ್ ಬೇಲಿ ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ ಎಂದು ತೋರಿಸಿದರು. ಆದರೆ ಆಲಿಸಿನ್ ಬಹಳ ಹೊತ್ತು ಉಳಿಯುವುದಿಲ್ಲ, ಒಡೆದು ಬೇರೆ ಗಂಧಕದ ಸಂಯುಕ್ತಗಳಾಗುತ್ತದೆ. ಬಿಸಿ ತಾಗಿದರೆ ಕಿಣ್ವವೇ ಕೆಟ್ಟುಹೋಗುತ್ತದೆ. ಬೇಯಿಸಿದ ಬೆಳ್ಳುಳ್ಳಿಯಿಂದ ಆಲಿಸಿನ್ ನಿರೀಕ್ಷಿಸಬೇಡಿ.

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳ್ಳುಳ್ಳಿ ರಸ ಎಷ್ಟೋ ರೋಗಾಣುಗಳನ್ನು ಕೊಲ್ಲುತ್ತದೆ. ಮೀನು ನುಂಗಿದ ರಸ ಕರುಳು ದಾಟಿ, ರಕ್ತ ಸೇರಿ, ಚರ್ಮದಡಿಯ ಪರಾವಲಂಬಿಯನ್ನು ಕೊಲ್ಲುವಷ್ಟು ಪ್ರಮಾಣದಲ್ಲಿ ತಲುಪಬೇಕಲ್ಲ, ಅದು ಬೇರೆ ಮಾತು. ಆಸ್ಟ್ರೇಲಿಯಾದಲ್ಲಿ ಸೀಬಾಸ್ ಮೀನಿನ ಮೇಲೆ ಮಾಡಿದ, 2013ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಬೆಳ್ಳುಳ್ಳಿ ಸಾರ ಬೆರೆಸಿದ ಆಹಾರವನ್ನು 30 ದಿನ ತಿಂದ ಮೀನುಗಳಿಗೆ ನಿಯೋಬೆನೆಡೇನಿಯಾ ಎಂಬ ಚಪ್ಪಟೆ ಹುಳ ಅಂಟುವುದು ಕಡಿಮೆಯಾಯಿತು. 10 ದಿನ ಮಾತ್ರ ತಿಂದವಕ್ಕೆ ಆ ಲಾಭ ಸಿಗಲಿಲ್ಲ. ಗಮನಿಸಿ, ಅಲ್ಲಿ ಬೆಳ್ಳುಳ್ಳಿ ಕೊಟ್ಟದ್ದು ರೋಗ ತಗಲುವ ಮೊದಲು. ಆ ಹುಳವೂ ಇಕ್ ಅಲ್ಲ. ಇಕ್ ಹತ್ತಿದ ಮೀನು ಬೆಳ್ಳುಳ್ಳಿ ತಿಂದು ವಾಸಿಯಾಗುತ್ತದೆ ಅನ್ನುವುದಕ್ಕೆ ಇದನ್ನು ಆಧಾರ ಮಾಡಿಕೊಳ್ಳುವಂತಿಲ್ಲ.

ಇಷ್ಟಾದರೂ ನನ್ನ ಕೆಲಸದ ಪೆಟ್ಟಿಗೆಯಲ್ಲಿ ಬೆಳ್ಳುಳ್ಳಿ ಇದ್ದೇ ಇರುತ್ತದೆ. ಊಟ ಬಿಟ್ಟ ಮೀನಿಗೆ ಬಾಯಿ ತೆರೆಸಲು.

ಬೆಂಗಳೂರಿನಂಥ ಊರಿಗೆ ಬರುವ ಸಮುದ್ರದ ಮೀನಿನ ಪಾಡು ನೋಡಿ. ಹಿಡಿದವರಿಂದ ವ್ಯಾಪಾರಿಗೆ, ಅಲ್ಲಿಂದ ವಿಮಾನಕ್ಕೆ, ಅಲ್ಲಿಂದ ಅಂಗಡಿಗೆ. ಚೀಲದ ನೀರು ಹೊಲಸಾಗಬಾರದು ಅಂತ ಸಾಗಿಸುವ ಮೊದಲೇ ಉಪವಾಸ ಹಾಕಿರುತ್ತಾರೆ. ಪೌಡರ್ ಬ್ಲೂ ಟ್ಯಾಂಗ್ ನಮ್ಮ ಹಿಂದೂ ಮಹಾಸಾಗರದ್ದೇ ಮೀನು. ಲಕ್ಷದ್ವೀಪ, ಅಂಡಮಾನ್ ಹವಳದ ದಿಬ್ಬಗಳಲ್ಲಿ ಹಗಲಿಡೀ ಪಾಚಿ ಮೇಯುತ್ತಾ ಇರುತ್ತದೆ. ಅಂಥದ್ದು ನಾಲ್ಕು ದಿನ ಹೊಟ್ಟೆಗಿಲ್ಲದೆ ಬಂದರೆ ಹೊಟ್ಟೆ ಒಳಗೆ ಸೇರಿ, ತಲೆಯ ಹಿಂದಿನ ಮಾಂಸ ಕರಗಿ ಅಂಚು ಎದ್ದು ಕಾಣುತ್ತದೆ. ಇಕ್ ಮೊದಲು ಹತ್ತುವ ಮೀನುಗಳಲ್ಲಿ ಇದೂ ಒಂದು. ಹಸಿವಿನಲ್ಲಿರುವಾಗ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಅಂಥ ಮೀನಿನ ಮುಂದೆ ಬರೀ ಮೈಸಿಸ್ ಸಿಗಡಿ ಬಿಟ್ಟರೆ ಹತ್ತಿರ ಬಂದು, ನೋಡಿ, ತಿರುಗಿ ಹೋಗುತ್ತದೆ. ಒಮ್ಮೊಮ್ಮೆ ಬಾಯಿಗೆ ಹಾಕಿಕೊಂಡು ಉಗಿಯುತ್ತದೆ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ್ದು ಬಿಟ್ಟಾಗ ಹಲವು ಮೀನು ಬೇರೆ ಥರ ನಡೆದುಕೊಳ್ಳುತ್ತವೆ. ವಾಸನೆ ತಾಗಿದ ಮೇಲೆ ಈಜುವ ದಿಕ್ಕು ಬದಲಾಗುತ್ತದೆ, ಬೆನ್ನಿನ ರೆಕ್ಕೆ ನೆಟ್ಟಗಾಗುತ್ತದೆ, ಉಗಿದದ್ದನ್ನೇ ಮತ್ತೆ ಹಿಡಿಯುತ್ತದೆ. ಎರಡನೇ ಸಲ ನುಂಗಿದರೆ ನನಗೆ ಧೈರ್ಯ. ಎಲ್ಲ ಮೀನಿಗೂ ಇದು ಕೆಲಸ ಮಾಡುವುದಿಲ್ಲ. ಹವಳವನ್ನೇ ತಿಂದು ಬದುಕುವ ಚಿಟ್ಟೆಮೀನುಗಳಿಗೆ, ಜೀವಂತ ಕೋಪಿಪಾಡ್ ಎಂಬ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುವ ಮ್ಯಾಂಡರಿನ್‌ಗೆ ನಿಮ್ಮ ಸಿಗಡಿ ಆಹಾರ ಅಂತಲೇ ಗೊತ್ತಾಗುವುದಿಲ್ಲ. ಅಲ್ಲಿ ವಾಸನೆ ಏನು ಮಾಡೀತು? ದೊಡ್ಡ ಮೀನಿನ ಕಾಟಕ್ಕೆ ಹೆದರಿ ಮೂಲೆ ಸೇರಿದ್ದಕ್ಕೆ ಮೊದಲು ಕಾಟ ತಪ್ಪಿಸಬೇಕು. ಮಲ ಬಿಳಿ ದಾರದಂತೆ ಬರುತ್ತಿದ್ದರೆ ಕರುಳಿನಲ್ಲಿ ತೊಂದರೆ ಇರಬಹುದು, ಅದಕ್ಕೆ ಬೇರೆ ಔಷಧಿ ಇದೆ.

ಮಾಡುವ ವಿಧಾನ ಸುಲಭ. ತಾಜಾ ಬೆಳ್ಳುಳ್ಳಿಯ ಒಂದು ಎಸಳು ಸುಲಿದು ಜಜ್ಜಿ, ಹತ್ತು ನಿಮಿಷ ಹಾಗೇ ಬಿಡಿ. ಅಷ್ಟರಲ್ಲಿ ಆಲಿಸಿನ್ ಆಗಿರುತ್ತದೆ. ಆಮೇಲೆ ಒಂದು ಚಮಚ ಆರ್‌ಓ ನೀರು ಹಾಕಿ ತೆಳು ಬಟ್ಟೆಯಲ್ಲಿ ಹಿಂಡಿ. ಫ್ರೋಜನ್ ಮೈಸಿಸ್ ಕರಗಿಸಿ, ಅದರ ನೀರು ಚಹಾ ಸೋಸುವ ಜಾಲರಿಯಲ್ಲಿ ಬಸಿದು, ಒಂದು ತುಂಡಿಗೆ ಎರಡು ಮೂರು ಹನಿ ರಸ ಹಾಕಿ ಫ್ರಿಜ್‌ನಲ್ಲಿ ಕಾಲು ಗಂಟೆ ಇಡಿ. ಮತ್ತೆ ಬಸಿದು ಕೊಡಿ. ಟ್ಯಾಂಗ್‌ಗಾದರೆ ಉಪ್ಪು, ಮಸಾಲೆ, ಎಣ್ಣೆ ಇಲ್ಲದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆಗೆ ಅದೇ ರಸ ಸವರಿ ಕ್ಲಿಪ್‌ಗೆ ಸಿಕ್ಕಿಸಿ. ಉಳಿದ ರಸ ಚೆಲ್ಲಿ, ನಾಳೆಗೆ ಹೊಸದು ಮಾಡಿ.

ಅಂಗಡಿಯ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ದಯವಿಟ್ಟು ಬೇಡ. ಅದರಲ್ಲಿ ಉಪ್ಪು, ಹುಳಿ, ಕೆಡದಂತೆ ಇಡುವ ರಾಸಾಯನಿಕ, ಕೆಲವದರಲ್ಲಿ ಎಣ್ಣೆಯೂ ಇರುತ್ತದೆ. ಎಣ್ಣೆಯಲ್ಲಿ ಅದ್ದಿದ ಬೆಳ್ಳುಳ್ಳಿ ಕ್ಯಾಪ್ಸೂಲ್ ಕೂಡ ಬೇಡ. ನೀರಿಗೆ ಎಣ್ಣೆ ಸೇರಿದರೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್‌ನ ನೊರೆ ಇಳಿದುಹೋಗುತ್ತದೆ, ಕೊಳೆ ಎಳೆಯಬೇಕಾದ ಹೊತ್ತಿಗೆ ಅದು ಸುಮ್ಮನಾಗುತ್ತದೆ. ರಸವನ್ನು ನೇರ ಟ್ಯಾಂಕಿಗೆ ಸುರಿಯುವವರೂ ಇದ್ದಾರೆ. ಅದರಿಂದ ನೀರು ಕೆಡುತ್ತದೆ ಅಷ್ಟೇ. ಅಕ್ವೇರಿಯಂಗೆಂದೇ ಮಾರುವ ಬೆಳ್ಳುಳ್ಳಿ ದ್ರವ ಹಸಿವು ಹುಟ್ಟಿಸಲು ಪರವಾಗಿಲ್ಲ. ಮೀನು ನಾಲ್ಕೈದು ದಿನ ಚೆನ್ನಾಗಿ ತಿಂದ ಮೇಲೆ ಹನಿ ಕಡಿಮೆ ಮಾಡುತ್ತಾ ನಿಲ್ಲಿಸಿ. ಬೆಳ್ಳುಳ್ಳಿ ಅದರ ಆಹಾರ ಅಲ್ಲ. ಅದಕ್ಕೆ ಬೇಕಾದದ್ದು ಪಾಚಿ, ಸಿಗಡಿ, ವಿಟಮಿನ್, ಸಮುದ್ರದ ಕೊಬ್ಬು.

ಇಕ್ ಇದೆ ಅಂತ ಖಚಿತವಾದರೆ ಮಾಡಬೇಕಾದದ್ದು ಬೇರೆ. ಎಲ್ಲ ಮೀನನ್ನೂ ಹೊರಗೆ ತೆಗೆದು ಬೇರೆ ಟ್ಯಾಂಕಿಗೆ ಹಾಕಿ. ಚುಕ್ಕಿ ಕಂಡ ಒಂದನ್ನು ಮಾತ್ರ ಅಲ್ಲ. ಮುಖ್ಯ ಟ್ಯಾಂಕ್ ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಇರಲಿ, ಮೀನು ಸಿಗದೆ ಮರಿಗಳು ಸಾಯುತ್ತವೆ. ಹವಳ, ಸಿಗಡಿ, ಬಸವನಹುಳು ಅಲ್ಲೇ ಇರಬಹುದು. ಹೊರಗೆ ತೆಗೆದ ಮೀನಿಗೆ ಒಂದು ದಾರಿ ಕಾಪರ್, ಅಂದರೆ ತಾಮ್ರದ ಔಷಧಿ. ಅಯಾನಿಕ್ ಕಾಪರ್ ಆದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ದಿನಾ ಟೆಸ್ಟ್ ಮಾಡುತ್ತಾ, ಕನಿಷ್ಠ ಮೂರು ವಾರ. ಬೇರೆ ಬಗೆಯ ಕಾಪರ್‌ಗೆ ಪ್ರಮಾಣ ಬೇರೆ, ಬಾಟಲಿ ಓದಿ. ಇನ್ನೊಂದು ದಾರಿ ಮೂರು ದಿನಕ್ಕೊಮ್ಮೆ, ತೊಳೆದು ಒಣಗಿಸಿದ ಹೊಸ ಟ್ಯಾಂಕಿಗೆ ಮೀನನ್ನು ಬದಲಿಸುವುದು, ಒಟ್ಟು ನಾಲ್ಕು ಸಲ. ಉದುರಿದ ಪರಾವಲಂಬಿ ಕವಚ ಒಡೆಯುವ ಮೊದಲೇ ಮೀನು ಅಲ್ಲಿಂದ ಹೊರಟಿರುತ್ತದೆ. ನೀರಿನ ಉಪ್ಪನ್ನು 1.009 ಸಾಂದ್ರತೆಗೆ ಇಳಿಸುವ ಕ್ರಮವೂ ಇದೆ. ಆದರೆ ಕೆಲವು ತಳಿಗಳು ಅದನ್ನೂ ತಡೆದುಕೊಳ್ಳುತ್ತವೆ, ಹಾಗಾಗಿ ನಾನು ಅದನ್ನೇ ನಂಬಿ ಕೂರುವುದಿಲ್ಲ.

ಚುಕ್ಕಿಯ ಬದಲು ಮೈಮೇಲೆ ನುಣ್ಣನೆ ಧೂಳು ಕೂತಂತೆ ಇದ್ದು, ಮೀನು ಪಂಪ್‌ನ ಹರಿವಿಗೆ ಮುಖ ಒಡ್ಡಿ ಜೋರಾಗಿ ಉಸಿರಾಡುತ್ತಿದ್ದರೆ ಅದು ವೆಲ್ವೆಟ್ ಎಂಬ ಇನ್ನೊಂದು ರೋಗ ಇರಬಹುದು. ಒಂದೆರಡು ದಿನದಲ್ಲೇ ಕೊಲ್ಲುವ ರೋಗ ಅದು. ಉಪ್ಪು ಇಳಿಸಿದರೆ ಬಗ್ಗುವುದಿಲ್ಲ. ಅವತ್ತೇ ಕಾಪರ್ ಶುರು ಮಾಡಬೇಕು.

ಬೆಳ್ಳುಳ್ಳಿ ನಿಜಕ್ಕೂ ಉಪಕಾರಕ್ಕೆ ಬರುವ ಇನ್ನೊಂದು ಜಾಗ ಮೀನಿಗೆ ಔಷಧಿ ಕೊಡುವ ಆ ಬೇರೆ ಟ್ಯಾಂಕ್, ಅಂದರೆ ಆಸ್ಪತ್ರೆ ಟ್ಯಾಂಕ್. ಕಾಪರ್ ನೀರಿನಲ್ಲಿ ಮೀನಿಗೆ ಹಸಿವು ಇಂಗುತ್ತದೆ. ಮೂರು ವಾರ ಸರಿಯಾಗಿ ತಿನ್ನದಿದ್ದರೆ ಪರಾವಲಂಬಿ ಸತ್ತರೂ ಮೀನು ಉಳಿಯುವುದು ಅನುಮಾನ. ಆಗ ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪವೇ, ರಸ ಹಾಕಿದ ಮೈಸಿಸ್ ಕೊಡಿ. ಅಲ್ಲಿ ಕಲ್ಲು, ಮರಳು ಹಾಕಬೇಡಿ, ಅವು ಕಾಪರ್ ಹೀರುತ್ತವೆ. ಅಡಗಲು ಪಿವಿಸಿ ಪೈಪ್ ತುಂಡು ಸಾಕು. ಫಿಲ್ಟರ್‌ನಿಂದ ಕಾರ್ಬನ್ ತೆಗೆಯಿರಿ. ಕಲ್ಲು ಮರಳು ಇಲ್ಲದ ಕಡೆ ಅಮೋನಿಯಾ ಒಡೆಯುವ ಬ್ಯಾಕ್ಟೀರಿಯಾ ಕಡಿಮೆ, ಅಮೋನಿಯಾ ಬೇಗ ಏರುತ್ತದೆ. ತಿನ್ನದೆ ಬಿಟ್ಟದ್ದನ್ನು ಹತ್ತು ನಿಮಿಷದಲ್ಲಿ ಪೈಪ್ ಹಾಕಿ ಎಳೆದುಬಿಡಿ. ನೀರು ಬದಲಿಸಿದಾಗ ಹೊಸ ನೀರಿಗೂ ಅದೇ ಅಳತೆಯ ಕಾಪರ್ ಹಾಕಿ, ಇಲ್ಲವಾದರೆ ಮಟ್ಟ ಇಳಿದು ದಿನಗಳನ್ನು ಮೊದಲಿನಿಂದ ಎಣಿಸಬೇಕಾಗುತ್ತದೆ.