ಉಚ್ಚೆ ನಾತಕ್ಕೆ ಬ್ಲೀಚಿಂಗ್ ಪೌಡರ್ ಮದ್ದಲ್ಲ

ಪ್ರಶ್ನೆ: ದಾರಿಹೋಕರು ನಮ್ಮ ಕಾಂಪೌಂಡ್ ಗೋಡೆಗೆ ಉಚ್ಚೆ ಹೊಯ್ದು ಹೋಗುತ್ತಾರೆ. ಎಷ್ಟು ಬ್ಲೀಚಿಂಗ್ ಪೌಡರ್ ಸುರಿದರೂ ನಾತ ಮತ್ತೆ ಬರುತ್ತದೆ. ಇನ್ನೂ ಜಾಸ್ತಿ ಹಾಕಬೇಕೇ?

ಉತ್ತರ: ಬೇಡ. ಇದೇ ಪ್ರಶ್ನೆ ವೇಷ ಬದಲಿಸಿ ಬರುತ್ತಲೇ ಇದೆ, ನನ್ನ ಉತ್ತರ ಮಾತ್ರ ಬದಲಾಗಿಲ್ಲ.

ಆಗತಾನೆ ಹೊಯ್ದ ಉಚ್ಚೆ ಅಷ್ಟೇನೂ ನಾರುವುದಿಲ್ಲ. ಅದರಲ್ಲಿ ಸುಮಾರು ಶೇ. 95 ನೀರು. ಉಳಿದುದರಲ್ಲಿ ದೊಡ್ಡ ಪಾಲು ಯೂರಿಯಾ, ಅದಕ್ಕೆ ವಾಸನೆಯೇ ಇಲ್ಲ. ನೆಲದಲ್ಲೂ ಗೋಡೆಯಲ್ಲೂ ಇರುವ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಆ ಯೂರಿಯಾವನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಘಾಟು ಅದರದು. ಗಾರೆ, ಇಟ್ಟಿಗೆ ಉಚ್ಚೆಯನ್ನು ಒಳಕ್ಕೆ ಎಳೆದುಕೊಂಡಿರುತ್ತವೆ. ನೀವು ಪುಡಿ ಎರಚುವುದು ಮೇಲೆ. ಒಳಗಿನ ಸರಕು ಹಾಗೇ ಉಳಿದು, ಗೋಡೆ ತೇವವಾದಾಗಲೆಲ್ಲ ನಾತ ಎದ್ದು ಬರುತ್ತದೆ.

“ಹಾಕಿದ ಕೂಡಲೇ ಕಣ್ಣು ಉರೀತು, ಅಂದ್ರೆ ಪೌಡರ್ ಸ್ಟ್ರಾಂಗ್ ಇದೆ” ಎನ್ನುವವರಿದ್ದಾರೆ. ಸ್ವಾಮಿ, ಅದು ಪೌಡರಿನ ಶಕ್ತಿಯಲ್ಲ! ಬ್ಲೀಚ್ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೀನ್ ಎಂಬ ಅನಿಲ ಏಳುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ ಮೂರಕ್ಕೂ ಅದು ಕೆಟ್ಟದ್ದು. ಇಕ್ಕಟ್ಟಾದ ಓಣಿಯಲ್ಲಿ, ಆಸ್ತಮಾ ಇರುವವರು ಪಕ್ಕದಲ್ಲಿದ್ದರಂತೂ ಕೇಳುವುದೇ ಬೇಡ. ಇನ್ನು ಕೆಲವರು ಬ್ಲೀಚಿಂಗ್ ಮೇಲೆಯೇ ವಿನೆಗರ್ ಸುರಿಯುತ್ತಾರೆ. ಆಗ ಹೊರಡುವುದು ನೇರ ಕ್ಲೋರಿನ್. ರೋಗಾಣು ಕೊಲ್ಲಲು ಬ್ಲೀಚ್ ಒಳ್ಳೆಯದೇ, ಆದರೆ ಜಾಗ ತೊಳೆದಾದ ಮೇಲೆ.

ಸರಿಯಾದ ಕ್ರಮ ಸಪ್ಪೆಯಾಗಿದೆ, ಅದಕ್ಕೇ ಯಾರಿಗೂ ರುಚಿಸುವುದಿಲ್ಲ. ಬರೀ ನೀರು ಧಾರಾಳವಾಗಿ ಹೊಯ್ಯಿರಿ, ಸೋಪಿನಪುಡಿ ಹಾಕಿ ಬ್ರಷ್‌ನಿಂದ ತಿಕ್ಕಿ, ಮತ್ತೆ ತೊಳೆಯಿರಿ. ಹಳೇ ನಾತವಾದರೆ ಕೊಳೆಯನ್ನು ಒಡೆಯುವ ಕಿಣ್ವವಿರುವ ಕ್ಲೀನರ್ (ಎನ್‌ಜೈಮ್ ಕ್ಲೀನರ್) ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗದಂತೆ ನೋಡಿಕೊಳ್ಳಿ. ಅದರ ಜೊತೆ ಬ್ಲೀಚ್ ಬೆರೆಸಿದರೆ ಕಿಣ್ವವೇ ಸತ್ತುಹೋಗುತ್ತದೆ. ನಾಯಿಗಳಿಗೂ ಇದೇ ಉಪಾಯ: ಹಳೆಯ ಗುರುತು ಮೂಗಿಗೆ ಸಿಕ್ಕರೆ ಅವು ಅಲ್ಲೇ ಮತ್ತೆ ಕಾಲೆತ್ತುತ್ತವೆ.

ಹೊಯ್ದವನಿಗೇ ವಾಪಸ್ ಸಿಡಿಯುವ ಬಣ್ಣವಿಲ್ಲವೇ ಎಂದು ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಇದೆ. ಜರ್ಮನಿಯ ಹ್ಯಾಂಬರ್ಗ್‌ನ ಸೇಂಟ್ ಪೌಲಿಯಲ್ಲಿ 2015ರಲ್ಲಿ ನೀರನ್ನು ಹತ್ತಿರ ಸೇರಿಸದ ಲೇಪನವನ್ನು ಗೋಡೆಗಳಿಗೆ ಬಳಿದರು. ಧಾರೆ ಗೋಡೆಗೆ ತಾಗಿ ಹೊಯ್ದವನ ಬೂಟು, ಪ್ಯಾಂಟಿಗೇ ಚಿಮ್ಮುತ್ತದೆ. “ನಾವೂ ತಿರುಗಿ ಹೊಯ್ಯುತ್ತೇವೆ” ಎಂದು ಬೋರ್ಡನ್ನೂ ಹಾಕಿದ್ದರು. ನನಗೆ ಬಹಳ ಹಿಡಿಸಿದ ಉಪಾಯ. ಆದರೆ ಲೇಪನ ದುಬಾರಿ, ಮತ್ತು ಒದ್ದೆಯಾದವನು ಮುಂದಿನ ಸಲ ನಿಮ್ಮ ಪಕ್ಕದ ಮನೆಯ ಗೋಡೆ ಹುಡುಕಿಕೊಳ್ಳುತ್ತಾನೆ.