ಸ್ಟೀರಿಂಗ್ ಕೆಳಗಿನ 16 ತೂತುಗಳು

ಚಾರ್ಮಾಡಿ ಘಾಟಿ ಇಳಿಯುವ ಮೊದಲು ಬ್ರೇಕ್ ಒಮ್ಮೆ ನೋಡಿಸೋಣ ಅಂತ ಮೊನ್ನೆ ಮೂಡಿಗೆರೆಯ ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ಜಾಕ್ ಹಾಕಲಿಲ್ಲ, ಮೊದಲು ಸ್ಟೀರಿಂಗ್ ಕೆಳಗೆ ಕೈ ಹಾಕಿದರು. ಅಲ್ಲಿ 16 ತೂತಿನ ಒಂದು ಸಾಕೆಟ್ ಇರುತ್ತದೆ. ಕಾರಿನ ದೋಷ ಓದುವ ಸ್ಕ್ಯಾನರ್ ಚುಚ್ಚಬೇಕಾದ ಜಾಗದಲ್ಲಿ ಆಗಲೇ ಬೆಂಕಿಪೊಟ್ಟಣದಷ್ಟು ನೀಲಿ ಡಬ್ಬಿಯೊಂದು ಕೂತಿತ್ತು. ಮೈಲೇಜನ್ನು ಫೋನಿನಲ್ಲೇ ನೋಡಬಹುದು ಅಂತ ತಮ್ಮ ಆನ್‌ಲೈನ್‌ನಲ್ಲಿ ತರಿಸಿ ಹಾಕಿದ್ದು. ಅದರ ಬ್ಲೂಟೂತ್ ಪಿನ್ 1234. ಅಂದರೆ ಪಕ್ಕದಲ್ಲಿ ನಿಂತ ಯಾರಿಗೆ ಬೇಕಾದರೂ ಬಾಗಿಲು ತೆರೆದಿಟ್ಟ ಹಾಗೆ, ಅಲ್ವಾ?

ಇವತ್ತಿನ ಕಾರಿನಲ್ಲಿ ಹತ್ತಾರು ಪುಟ್ಟ ಕಂಪ್ಯೂಟರುಗಳಿವೆ. ಎಂಜಿನ್ನಿಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು. ಅವು ಮಾತಾಡಿಕೊಳ್ಳುವುದು ಹುರಿ ಹಾಕಿದ ಎರಡು ತಂತಿಗಳ ಮೇಲೆ. ಸ್ಟೀರಿಂಗ್ ಕೆಳಗಿನ ಆ ಸಾಕೆಟ್ಟಿನ ನಂಟೂ ಇದರ ಜೊತೆಗೇ. 'ಕ್ಯಾನ್' ಎನ್ನುವ ಈ ಏರ್ಪಾಡನ್ನು ಬಾಷ್ ಕಂಪನಿ 1986ರಲ್ಲಿ ಹೊರತಂದಿತು. ಅಗ್ಗ, ಗಟ್ಟಿ. ಆದರೆ ಮಾತು ಆಡಿದ್ದು ಯಾರು ಅಂತ ಅದು ಕೇಳುವುದೇ ಇಲ್ಲ. ಕಾಫಿ ತೋಟದ ಊಟದ ಗಂಟೆಯ ಹಾಗೆ. ತೋಟದ ಲೆಕ್ಕ ನೋಡುವ ರೈಟರು ಹೊಡೆದರೋ ದಾರಿಹೋಕ ಹೊಡೆದನೋ, ಬುಟ್ಟಿ ಇಳಿಸಿ ಎಲ್ಲರೂ ಹೊರಟೇಬಿಡುತ್ತಾರೆ. ಆಗ ಅದು ತಪ್ಪೇನೂ ಆಗಿರಲಿಲ್ಲ. ತಂತಿ ಕಾರಿನೊಳಗೇ ಇತ್ತು, ಹೊರಗಿನವರು ಗಂಟೆ ಮುಟ್ಟುವ ಹಾಗಿರಲಿಲ್ಲ.

ಆಮೇಲೆ ಕಾರಿಗೆ ಇಂಟರ್ನೆಟ್ ಬಂತು. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ಎಂಬ ಇಬ್ಬರು ಭದ್ರತಾ ಸಂಶೋಧಕರು ಮನೆಯಲ್ಲೇ ಕೂತು, ಅಮೆರಿಕದ ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯ ವೇಗವರ್ಧಕ ಕೆಲಸ ಮಾಡದಂತೆ ಮಾಡಿ ತೋರಿಸಿದರು. ನುಗ್ಗಿದ್ದು ಹಾಡು ಕೇಳುವ ಸಿಸ್ಟಮ್ಮಿನ ಮೊಬೈಲ್ ಸಂಪರ್ಕದಿಂದ. ಕಂಪನಿ 14 ಲಕ್ಷ ವಾಹನಗಳನ್ನು ಸರಿಪಡಿಸಲು ವಾಪಸ್ ಕರೆಯಬೇಕಾಯಿತು. ಕಳ್ಳರಂತೂ ಇಂಟರ್ನೆಟ್ಟಿಗೂ ಕಾಯುವುದಿಲ್ಲ. ಹೆಡ್‌ಲೈಟಿನ ಹಿಂದೆ ಹಾದುಹೋಗುವ ಅದೇ ತಂತಿಗೆ ಸಣ್ಣ ಯಂತ್ರ ಸಿಕ್ಕಿಸಿ, 'ಕೀ ಒಳಗಿದೆ' ಅಂತ ಸುಳ್ಳು ಹೇಳಿ ಬಾಗಿಲು ತೆಗೆಸುತ್ತಾರೆ.

ಹೀಗಾಗಿ ವಿಶ್ವಸಂಸ್ಥೆಯ ವೇದಿಕೆಯಲ್ಲಿ 2020ರಲ್ಲಿ ವಾಹನಗಳ ಸೈಬರ್ ಭದ್ರತೆಗೆ 'ಆರ್155' ಎಂಬ ನಿಯಮ ಮಾಡಿದರು. ಯುರೋಪಿನಲ್ಲಿ 2024ರ ಜುಲೈನಿಂದ ಪ್ರತಿ ಹೊಸ ಕಾರಿಗೂ ಅದು ಕಡ್ಡಾಯ. ನನಗೆ ಇದರಲ್ಲಿ ಜಾಸ್ತಿ ಹಿಡಿಸಿದ್ದು ಒಂದು ಸಂಗತಿ: ಕಾರು ಮಾರಿದ ಮೇಲೂ ಕಂಪನಿಯ ಹೊಣೆ ಮುಗಿಯುವುದಿಲ್ಲ. ಬಿಡಿಭಾಗ ಕೊಟ್ಟವರ ತಪ್ಪನ್ನೂ ಅದೇ ನೋಡಬೇಕು. ರಸ್ತೆಯಲ್ಲಿರುವ ಕಾರುಗಳ ಮೇಲಿನ ದಾಳಿಗಳನ್ನು ಗಮನಿಸುತ್ತಾ ವರ್ಷಕ್ಕೊಮ್ಮೆಯಾದರೂ ವರದಿ ಕೊಡಬೇಕು. ಕಂಪನಿಯ ಭದ್ರತಾ ವ್ಯವಸ್ಥೆಗೆ ಕೊಡುವ ಪ್ರಮಾಣಪತ್ರದ ಆಯಸ್ಸು ಹೆಚ್ಚೆಂದರೆ 3 ವರ್ಷ. ಈ ನಿಯಮಕ್ಕೆ ಹೊಂದದ ಪೆಟ್ರೋಲ್ ಮಕಾನ್ ಕಾರನ್ನು ಪೋರ್ಶೆ ಯುರೋಪಿನಲ್ಲಿ ಮಾರುವುದನ್ನೇ ನಿಲ್ಲಿಸಿತು. ನಮ್ಮ ದೇಶದಲ್ಲೂ ಇದೇ ದಾರಿಯಲ್ಲಿ 'ಎಐಎಸ್-189' ಎಂಬ ಮಾನದಂಡ ರೂಪಿಸಿದ್ದಾರೆ.

ಘಾಟಿಯ ತಿರುವುಗಳಲ್ಲಿ ಕಾರು ಓಡಿಸುವ ನನಗೆ ಈ ಬೀಗ ಬೇಕೇ ಬೇಕು. ಆದರೆ ಮೆಕ್ಯಾನಿಕ್ ಹೇಳಿದ್ದೂ ಸುಮ್ನೆ ತಳ್ಳಿಹಾಕುವ ಮಾತಲ್ಲ. "ಕೆಲವು ಹೊಸ ಗಾಡಿಗಳು ಕಂಪನಿಯ ಒಪ್ಪಿಗೆ ಇಲ್ಲದೆ ನನ್ನ ಸ್ಕ್ಯಾನರಿಗೆ ಬಾಯೇ ಬಿಡುವುದಿಲ್ಲ. ಮಳೆಗಾಲದಲ್ಲಿ ಕೊಟ್ಟಿಗೆಹಾರದಲ್ಲಿ ಗಾಡಿ ನಿಂತರೆ ಯಾರು ಬರ್ತಾರೆ?" ಬೀಗ ಮಾಡುವವರು ಇಂಥ ಗ್ಯಾರೇಜಿಗೂ ಒಂದು ಕೀಲಿಕೈ ಕೊಡುವ ದಾರಿ ಹುಡುಕಲೇಬೇಕು.

ಅವರು ನೀಲಿ ಡಬ್ಬಿ ಕಿತ್ತು ನನ್ನ ಕೈಗಿಟ್ಟರು. ಇಷ್ಟು ಹೊತ್ತು ಓಡುತ್ತಲೇ ಇದ್ದದ್ದು, ಇನ್ನೂ ಬಿಸಿಯಾಗಿತ್ತು.