ಮಾರಕ ಸಾಂದ್ರತೆ, ಮಾರಕ ಪ್ರಮಾಣವಲ್ಲ

ಲೋಹ ಬೆರೆತ ನೀರಿನಲ್ಲಿ ಮೀನು ಸತ್ತ ಸುದ್ದಿಯಲ್ಲಿ ‘ತಾಮ್ರದ ಮಾರಕ ಪ್ರಮಾಣ ಇಷ್ಟು’ ಎಂಬ ಸಾಲು ಬಂದೇ ಬರುತ್ತದೆ. ಅಲ್ಲಿ ಇರಬೇಕಾದದ್ದು ‘ಸಾಂದ್ರತೆ’. ಗೊತ್ತುಮಾಡಿದ ಅವಧಿಯಲ್ಲಿ, ಮೀನಿಗಾದರೆ ಸಾಮಾನ್ಯವಾಗಿ 96 ಗಂಟೆಗಳಲ್ಲಿ, ಪರೀಕ್ಷೆಗಿಟ್ಟ ಜೀವಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಸಾಂದ್ರತೆಯೇ ಎಲ್‌ಸಿ50. ಹಾಗೆ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಹೇಳುವುದು ಎಲ್‌ಡಿ50.

ಗೊಂದಲದ ಮೂಲ ‘ಪ್ರಮಾಣ’ ಎಂಬ ಪದದಲ್ಲೇ ಇದೆ. ಅಳೆಯುವುದು ಎಂಬರ್ಥದ ‘ಮಾ’ ಧಾತುವಿನಿಂದ ಬಂದ ಅದನ್ನು ಕನ್ನಡದಲ್ಲಿ ಎಲ್ಲ ಕೆಲಸಕ್ಕೂ ಹಚ್ಚಿದ್ದೇವೆ. ಆಣೆಗೂ ಅದೇ, ಪುರಾವೆಗೂ ಅದೇ, ‘ದೊಡ್ಡ ಪ್ರಮಾಣದಲ್ಲಿ’ ಎನ್ನುವಾಗಲೂ ಅದೇ. ವಿಷದ ಮಾತು ಬಂದಾಗಲಾದರೂ ಅದಕ್ಕೆ ಒಂದೇ ಅರ್ಥ ಉಳಿಸೋಣ: ಜೀವಿಯ ಮೈಗೆ ಸೇರಿದ್ದು, ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ. ‘ಸಾಂದ್ರ’ ಎಂದರೆ ದಟ್ಟ. ಸಾಂದ್ರತೆ ಹೊರಗಿನ ನೀರಿನದು, ಲೀಟರಿಗೆ ಇಷ್ಟು ಮೈಕ್ರೊಗ್ರಾಂ.

ಹೊರಗಿನದು ಇದ್ದಷ್ಟೇ ಇದ್ದರೂ ಒಳಗೆ ಸೇರುವುದು ಹೆಚ್ಚಬಹುದು. ತಾಪಮಾನ ಮಾಡುವುದು ಇದನ್ನೇ. ನೀರು 10 ಡಿಗ್ರಿ ಏರಿದರೆ ಮೀನಿನ ಚಯಾಪಚಯ ಸುಮಾರು ಎರಡು ಪಟ್ಟಾಗುತ್ತದೆ. ಆದರೆ 10 ಡಿಗ್ರಿಯಲ್ಲಿ ಲೀಟರಿಗೆ 11.3 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲ ಸಿಹಿನೀರು 30ರಲ್ಲಿ ಹಿಡಿಯುವುದು ಸುಮಾರು 7.6 ಮಾತ್ರ. ಬೇಡಿಕೆ ಏರಿ ಪೂರೈಕೆ ಇಳಿದಾಗ ಮೀನು ಕಿವಿರಿನ ಮುಚ್ಚಳವನ್ನು ಬೇಗಬೇಗ ಬಡಿಯುತ್ತದೆ, ಕಿವಿರಿನ ಮೇಲೆ ಹೆಚ್ಚು ನೀರು ಹಾಯಿಸುತ್ತದೆ. ಆ ನೀರಿನೊಂದಿಗೆ ಲೋಹವೂ ಹೆಚ್ಚು ಹಾಯುತ್ತದೆ. ಅಲ್ಲಿ ತಾಮ್ರ ಸೋಡಿಯಂ ಹೀರಿಕೆಗೆ ಅಡ್ಡ ನಿಲ್ಲುತ್ತದೆ, ಕ್ಯಾಡ್ಮಿಯಂ ಮತ್ತು ಸತು ಕ್ಯಾಲ್ಸಿಯಂ ಹೀರಿಕೆಗೆ. ಕೆರಳಿದ ಕಿವಿರು ಲೋಳೆ ಸುರಿಸುತ್ತದೆ, ಅದರ ಪೊರೆ ಊದಿಕೊಳ್ಳುತ್ತದೆ. ಮೊದಲೇ ಕಡಿಮೆಯಿದ್ದ ಆಮ್ಲಜನಕ ರಕ್ತ ಸೇರುವುದು ಮತ್ತೂ ಕಷ್ಟವಾಗುತ್ತದೆ.

ಆದ್ದರಿಂದ ಎಲ್‌ಸಿ50 ಲೋಹದ ಹಣೆಬರಹವಲ್ಲ. ಮೀನಿನ ಜಾತಿ, ಗಂಟೆ, ತಾಪಮಾನ, ನೀರಿನ ಗಡಸುತನ, ಪಿಎಚ್ (ಆಮ್ಲೀಯತೆಯ ಅಳತೆ) ಇಲ್ಲದ ಅಂಕಿಯನ್ನು ಬರೆಯಲೇಬಾರದು. ತಣ್ಣೀರಿನ ಟ್ರೌಟ್‌ನಿಂದ 15 ಡಿಗ್ರಿಯಲ್ಲಿ ಪಡೆದ ಸಂಖ್ಯೆಯನ್ನು 30 ಡಿಗ್ರಿಯ ಕೆರೆಯ ಗೆಂಡೆಗೆ ಅಂಟಿಸುವುದು ಶುದ್ಧ ತಪ್ಪು. ಅದನ್ನು ‘ಸುರಕ್ಷಿತ ಮಿತಿ’ ಎನ್ನುವುದು ಇನ್ನೂ ದೊಡ್ಡ ತಪ್ಪು, ಅರ್ಧ ಮೀನು ಸತ್ತ ಬಿಂದು ಅದು.

‘ತಣ್ಣೀರಿನಲ್ಲಿ ಲೋಹದ ವಿಷ ಕಡಿಮೆ’ ಎಂಬುದೂ ಅವಸರದ ಮಾತು. ತಂಪಿನಲ್ಲಿ ಲೋಹ ಮೈಸೇರುವುದು ನಿಧಾನ, ಹೊರಹೋಗುವುದೂ ನಿಧಾನ. ಸಾವು ಶುರುವಾಗುವ ಮೊದಲೇ ಪರೀಕ್ಷೆಯ 96 ಗಂಟೆ ಮುಗಿದುಬಿಡಬಹುದು. ಅದೇ ಪರೀಕ್ಷೆಯ ತೊಟ್ಟಿಯಲ್ಲಿ ಸಾವು ನಿಲ್ಲುವವರೆಗೆ ಎಣಿಸುತ್ತ ಹೋದರೆ ಬೆಚ್ಚನೆಯ ನೀರಿಗೂ ತಣ್ಣೀರಿಗೂ ಕಂಡಿದ್ದ ಅಂತರ ಎಷ್ಟೋ ಸಲ ಕಿರಿದಾಗುತ್ತದೆ.